ಕಾಡಿಲ್ಲದ ಸೀಮೆಯಲ್ಲಿ ವನ್ಯಜೀವಿ ವೀಕ್ಷಣೆ: ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಎಳೆಯರಿಗೊಂದು ಕೈಪಿಡಿ

ಹೈಸ್ಕೂಲಿಗೆ ಹೋಗುವ ಮಗ ಸಂಜೆ ತಡವಾಗಿ ಮನೆ ಸೇರುತ್ತಾನೆ. ಕೇಳಿದರೆ ‘ಕೆನಾಲ್ ಮ್ಯಾಲೆ ಹಕ್ಕಿ ನೋಡಾಕತ್ತಿದ್ದೆ’ ಅನ್ನುತ್ತಾನೆ. ಮಗಳ ಕಂಪಾಸ್ ಪೆಟ್ಟಿಗೆಯಲ್ಲಿ ಪೆನ್ಸಿಲ್ಲಿಗಿಂತ ಹೆಚ್ಚಾಗಿ ಒಣಗಿದ ಜೀರುಂಡೆ, ಹಾವಿನ ಪೊರೆಯ ಚೂರು ಸಿಗುತ್ತವೆ. ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಇದರಿಂದ ಏನು ಬಂತು’ ಎಂಬುದು ಒಂದು. ‘ಹಂಗ ನೋಡಬೇಕಂದ್ರ ಬಂಡೀಪುರಕ್ಕ, ದಾಂಡೇಲಿಗೆ ಹೋಗಬೇಕು, ನಮ್ಮ ಕಡೆ ಕಾಡೆಲ್ಲೈತಿ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಲೇಖನದ ಕೊನೆಯಲ್ಲಿ ಉತ್ತರವಿದೆ. ಎರಡನೆಯದು ಮಾತ್ರ ಪೂರಾ ತಪ್ಪು.

ರಾಯಚೂರು ರಾಜ್ಯದಲ್ಲೇ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಒಂದು, ನಿಜ. ಆದರೆ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾಲೆಯ ಗದ್ದೆ, ಎರೆಹೊಲ, ಬೋಳು ಕಲ್ಲುಗುಡ್ಡಗಳಿರುವ ಈ ದೋಆಬಿನಲ್ಲಿ ಬಸ್ಸಿನಲ್ಲಿ ಒಂದೆರಡು ತಾಸು ಸಾಗುವಷ್ಟರಲ್ಲಿ ನಾಲ್ಕು ಬಗೆಯ ಜೀವಲೋಕ ದಾಟಬಹುದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರನ್ನೂ ಪೋಣಿಸುವ ರಾಷ್ಟ್ರೀಯ ಹೆದ್ದಾರಿ 150ಎ ಆ ನಾಲ್ಕಕ್ಕೂ ದಾರಿ.

ಒಂದು: ನೆಲ್ಲಿನ ಗದ್ದೆ ಮತ್ತು ನಾಲೆ

1953ರಲ್ಲಿ ತುಂಗಭದ್ರೆಯ ನೀರು ಎಡದಂಡೆ ನಾಲೆಗೆ ಹರಿಯತೊಡಗಿದ ಮೇಲೆ ಸಿಂಧನೂರಿನ ಒಣಭೂಮಿ ಭತ್ತದ ಕಣಜವಾಯಿತು. ನೀರಿನ ಜೊತೆಗೆ ನೀರಹಕ್ಕಿಯೂ ಬಂತು. ಹೊಸ ವೀಕ್ಷಕರಿಗೆ ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಬಯಲಲ್ಲಿ ಮರೆ ಕಡಿಮೆ, ಹಕ್ಕಿಗಳು ದೊಡ್ಡವು, ಜನರನ್ನು ಕಂಡು ಅಭ್ಯಾಸವಾದವು.

ನಾಟಿಗೆ ಮುನ್ನ ಟ್ರ್ಯಾಕ್ಟರ್ ಕೆಸರು ಹದ ಮಾಡುವಾಗ ಬದುವಿನ ಮೇಲೆ ಅರ್ಧ ತಾಸು ನಿಂತು ನೋಡಿ. ಹಿಂದೆಯೇ ಬೆಳ್ಳಕ್ಕಿಗಳ ದಂಡು. ‘ಎಲ್ಲವೂ ಬೆಳ್ಳಕ್ಕಿ’ ಎಂದು ಬಿಡಬೇಡಿ. ಕೊಕ್ಕು ಹಳದಿ, ಕುತ್ತಿಗೆ ಮೊಟಕು ಇದ್ದರೆ ಅದು ಗೋವಕ್ಕಿ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಇದ್ದರೆ ಚಿಕ್ಕ ಬೆಳ್ಳಕ್ಕಿ. ಎಲ್ಲಕ್ಕಿಂತ ಎತ್ತರವಾಗಿ, ಉದ್ದ ಕುತ್ತಿಗೆಯನ್ನು ಕೊಂಕಿಸಿ ದೂರ ನಿಂತದ್ದು ದೊಡ್ಡ ಬೆಳ್ಳಕ್ಕಿ. ಬಣ್ಣ ಒಂದೇ ಆದರೂ ಇವು ಬೇರೆ ಬೇರೆ ಹಕ್ಕಿಗಳು ಎಂದು ತಾನೇ ಕಂಡುಕೊಂಡ ಮಗುವಿಗೆ ಈ ಹವ್ಯಾಸ ಹತ್ತಿತೆಂದೇ ಲೆಕ್ಕ.

ಅದೇ ಗದ್ದೆಯಲ್ಲಿ ಬಾಯ್ಕಳಕ ಕೊಕ್ಕರೆಯನ್ನೂ ಹುಡುಕಿ. ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿಯುತ್ತದೆ. ಕೆಸರಿನ ಬಸವನಹುಳುವನ್ನು ಹಿಡಿದು, ಚಿಪ್ಪಿನೊಳಗಿಂದ ಮಾಂಸ ಎಳೆದು ತೆಗೆಯಲು ಆ ಕೊಕ್ಕು ಹೇಳಿ ಮಾಡಿಸಿದ್ದು. ಹಕ್ಕಿ ಹೋದ ಮೇಲೆ ಬದುವಿನ ಬಳಿ ಖಾಲಿ ಚಿಪ್ಪುಗಳು ಬಿದ್ದಿವೆಯೇ ನೋಡಿ. ಬಣ್ಣದ ಕೊಕ್ಕರೆ, ಬಿಳಿ ಮೈಗೆ ಕರಿತಲೆಯ ಕೆಂಬರಲು, ಗುಂಪಾಗಿ ಇಳಿಯುವ ಮಿಂಚು ಕೆಂಬರಲು, ಗುಲಾಬಿ ಕಾಲಿನ ಮೆಟ್ಟುಗಾಲ ಹಕ್ಕಿ ಇದೇ ಸಂತೆಗೆ ಬರುತ್ತವೆ. ನಾಲೆ ಬದಿಯ ಜಾಲಿ, ಈಚಲು ಗಿಡಗಳಲ್ಲಿ ಗೀಜಗನ ಗೂಡುಗಳು ತೂಗುತ್ತವೆ. ಅರ್ಧಕ್ಕೇ ಬಿಟ್ಟ ಗೂಡು ಎಷ್ಟು, ಪೂರ್ತಿಯಾದದ್ದು ಎಷ್ಟು ಎಂದು ವಾರಕ್ಕೊಮ್ಮೆ ದೂರದಿಂದ ಎಣಿಸಿ. ಗಂಡು ಅರ್ಧ ಹೆಣೆದು ನಿಲ್ಲಿಸುತ್ತದೆ, ಹೆಣ್ಣು ಬಂದು ಒಪ್ಪಿದರೆ ಮಾತ್ರ ಮುಗಿಸುತ್ತದೆ. ಎಣಿಕೆಯಿಂದಲೇ ಈ ಸಂಗತಿ ನಿಮ್ಮ ಪುಸ್ತಕದಲ್ಲಿ ಮೂಡುತ್ತದೆ.

ಎರಡು: ಎರೆಹೊಲ

ನಾಲೆ ಮುಟ್ಟದ ಕಡೆ ಜೋಳ, ತೊಗರಿ, ಹತ್ತಿ, ಕಡಲೆಯ ಹೊಲಗಳು. ಮೊದಲ ನೋಟಕ್ಕೆ ಏನೂ ಇಲ್ಲ ಅನ್ನಿಸುತ್ತದೆ. ವಿದ್ಯುತ್ ತಂತಿಯಿಂದ ಶುರು ಮಾಡಿ: ಕಾಜಾಣ, ನಮ್ಮ ರಾಜ್ಯಪಕ್ಷಿ ನೀಲಕಂಠ, ಹಸಿರು ಕಳ್ಳಿಪೀರ. ಹೊಲದ ಮೇಲೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು ಕೆಳಗೆ ನೋಡುವ, ಕೆಂಪು ಕಣ್ಣಿನ ಬೂದುಬಿಳಿ ಹಕ್ಕಿ ರಾಮದಾಸ ಹದ್ದು. ಅದು ಹುಡುಕುವುದು ಇಲಿಯನ್ನು. ಹೊಲದ ಮೇಲೆ ತಗ್ಗಿನಲ್ಲಿ ತೇಲುತ್ತ ಹೋಗುವ ಸೆಳೆವಗಳು ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬಂದ ಅತಿಥಿಗಳು. ಮಿಡತೆ ಇವುಗಳ ಮುಖ್ಯ ಆಹಾರಗಳಲ್ಲೊಂದು. ರೈತರಿಗೆ ಈ ಸಂಗತಿ ಹೇಳಿದರೆ ಹಕ್ಕಿ ನೋಡಲು ಬಂದವರಿಗೆ ಹೊಲದಲ್ಲಿ ಜಾಗ ತಾನಾಗಿ ಸಿಗುತ್ತದೆ.

ಜೋಳ ತೆನೆಗಟ್ಟಿದಾಗ ಮೋಡದಂತೆ ಎರಗುವ ಗುಲಾಬಿ ಕಬ್ಬಕ್ಕಿಗಳನ್ನು ರೈತರು ಶಪಿಸುತ್ತಾರೆ. ಆ ಹಕ್ಕಿಗಳೇ ತಮ್ಮ ತವರಿನಲ್ಲಿ ಮಿಡತೆಗಳನ್ನು ತಿಂದು ಹೆಸರಾದವು. ಎರಡೂ ನಿಜ, ಎರಡನ್ನೂ ಬರೆದುಕೊಳ್ಳಿ.

ಇದೇ ಎರೆನೆಲ ಒಂದು ಕಾಲಕ್ಕೆ ಎರೆಭೂತದ ನೆಲೆ. ದೊರೆವಾಯನ ಹಕ್ಕಿ ಎಂದೂ ಕರೆಸಿಕೊಳ್ಳುವ, ಮೀಟರ್ ಎತ್ತರದ ಈ ಹಕ್ಕಿ ಇಂದು ಇಡೀ ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಅದೂ ಸಿಂಧನೂರಿನಿಂದ ಹೊಳೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನಲ್ಲಿ. ಕಾಣಲೆಂದು ಹುಡುಕಿಕೊಂಡು ಹೋಗಬೇಡಿ. ಅಕಸ್ಮಾತ್ ಕಂಡರೆ ದೂರದಿಂದಲೇ ಒಂದು ಚಿತ್ರ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಜಾಗದ ಹೆಸರನ್ನು ವಾಟ್ಸ್ಆ್ಯಪ್‌ನಲ್ಲಿ ಹರಡಬೇಡಿ.

ಮೂರು: ಕಲ್ಲುಗುಡ್ಡ

ಮಸ್ಕಿಯ ಬೆಟ್ಟ ಅಶೋಕನ ಶಾಸನಕ್ಕೆ ಹೆಸರಾದದ್ದು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಈ ಶಾಸನದಿಂದಲೇ ‘ದೇವಾನಾಂಪ್ರಿಯ’ ಎಂದರೆ ಅಶೋಕ ಎಂಬುದು ಖಚಿತವಾಯಿತು. ಅದೇ ಅರಸ ಉತ್ತರ ಭಾರತದ ತನ್ನ ಐದನೆಯ ಸ್ತಂಭಶಾಸನದಲ್ಲಿ ಗಿಳಿ, ಗೊರವಂಕ, ಚಕ್ರವಾಕ, ಬಾವಲಿ, ಆಮೆಯಂಥ ಜೀವಿಗಳ ಪಟ್ಟಿ ಕೊಟ್ಟು, ಇವನ್ನು ಕೊಲ್ಲಬಾರದೆಂದು ಆಜ್ಞೆ ಮಾಡಿದ್ದಾನೆ. ಮಸ್ಕಿಯ ಕಲ್ಲಿನಲ್ಲಿ ಆ ಪಟ್ಟಿಯಿಲ್ಲ. ಆದರೆ ಶಾಸನ ನೋಡಲು ಮಕ್ಕಳನ್ನು ಕರೆತರುವ ಶಿಕ್ಷಕರು ಇತಿಹಾಸದ ಪಾಠಕ್ಕೆ ಜೀವಶಾಸ್ತ್ರದ ಪಾಠವನ್ನು ಇಲ್ಲೇ ಜೋಡಿಸಬಹುದು.

ಬೇಸಿಗೆಯ ಬೆಳಗ್ಗೆ ಬಂಡೆ ಕಾಯುವ ಹೊತ್ತಿಗೆ ಕಲ್ಲೋತಿ ಹೊರಬರುತ್ತದೆ. ಸಂತಾನದ ಕಾಲದಲ್ಲಿ ಗಂಡಿನ ಬೆನ್ನು ಕೆಂಪು ಕಿತ್ತಳೆ, ಪಕ್ಕೆ ಕಪ್ಪು. ಬಂಡೆಯ ನೆತ್ತಿಯ ಮೇಲೆ ಕೂತು ಮುಂಗಾಲು ಊರಿ ಮೈ ಏರಿಳಿಸುತ್ತದೆ. ಇನ್ನೊಂದು ಗಂಡು ಹತ್ತಿರ ಬಂದರೆ ಏರಿಳಿತ ಜೋರಾಗುತ್ತದೆ. ಹೆಣ್ಣು ಕಂದು, ಕಲ್ಲಿನ ಬಣ್ಣಕ್ಕೇ ಬೆರೆತಿರುತ್ತದೆ. ಒಂದೇ ಬಂಡೆಯನ್ನು ಹಲವು ವಾರ ನೋಡಿದರೆ ಯಾವ ಗಂಡು ಯಾವ ಜಾಗದ ಒಡೆಯ ಎಂದು ನಕ್ಷೆಯನ್ನೇ ಬರೆಯಬಹುದು. ಇದಕ್ಕೆ ದುರ್ಬೀನೂ ಬೇಡ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆಯಲ್ಲೂ ಇಂಥದೇ ಕಲ್ಲಿನ ಜಗತ್ತು. ಹಳೆಯ ಗೋಡೆಯ ಸಂದಿನಲ್ಲಿ ಹಾಲಕ್ಕಿ, ಕಣಜಗೂಗೆ ಇರಬಹುದು. ಗೂಗೆ ಕೂರುವ ಜಾಗದ ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಬೂದು ಉಂಡೆಗಳು ಸಿಗುತ್ತವೆ. ಅರಗದ ಕೂದಲು, ಮೂಳೆಯನ್ನು ಗೂಗೆ ಹೀಗೆ ಕಕ್ಕುತ್ತದೆ. ಕೈಗವಸು ಹಾಕಿ, ನೀರಲ್ಲಿ ನೆನೆಸಿ, ಚಿಮುಟದಿಂದ ಬಿಡಿಸಿದರೆ ಇಲಿಯ ಪುಟ್ಟ ತಲೆಬುರುಡೆ, ದವಡೆ ಸಿಗುತ್ತವೆ. ಗೂಗೆ ಅಪಶಕುನ ಎನ್ನುವ ಊರಿನಲ್ಲಿ ಒಂದು ಉಂಡೆಯೊಳಗೆ ಎಷ್ಟು ಇಲಿಗಳಿದ್ದವು ಎಂದು ಎಣಿಸಿ ತೋರಿಸುವುದು ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ವಿಜ್ಞಾನ ಮೇಳಕ್ಕೂ ಒಳ್ಳೆಯ ವಿಷಯ.

ನಾಲ್ಕು: ಎರಡು ಹೊಳೆಗಳು

ಸಿಂಧನೂರು ತಾಲ್ಲೂಕಿನ ಮುಕ್ಕುಂದಾ, ದಢೇಸುಗೂರಿನ ಬಳಿ ತುಂಗಭದ್ರೆ. ಲಿಂಗಸುಗೂರಿನ ಜಲದುರ್ಗದ ಬಳಿ ಕೃಷ್ಣೆ. ಬೇಸಿಗೆಯಲ್ಲಿ ನೀರಿಳಿದು ಮರಳದಿನ್ನೆ, ಬಂಡೆ ತೆರೆದುಕೊಂಡಾಗ ನೋಡಲು ಸುಲಭ. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ಧುಮುಕುವ ಕಪ್ಪುಬಿಳಿ ಮಿಂಚುಳ್ಳಿ, ಬಂಡೆಯ ಮೇಲೆ ರೆಕ್ಕೆ ಹರವಿ ಒಣಗಿಸುವ ನೀರುಕಾಗೆ, ಹೊಳೆಯ ರೀವಗಳು ಇಲ್ಲಿಯ ಖಾಯಂ ನಿವಾಸಿಗಳು. ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಅದು ನಮ್ಮ ಸೀಮೆಗಿಂತ ಮೇಲಿನ ಭಾಗವಾದರೂ ಹೊಳೆ ಅದೇ.

ಎಚ್ಚರಿಕೆ: ಎರಡೂ ಹೊಳೆಗಳಲ್ಲಿ ಮೊಸಳೆಗಳಿವೆ. ನೀರಿನ ಅಂಚಿಗೆ ಹೋಗಬೇಡಿ, ಕಾಲು ತೊಳೆಯಲೂ ಇಳಿಯಬೇಡಿ. ಸೇತುವೆಯ ಕಾಲುದಾರಿ, ಎತ್ತರದ ದಂಡೆಯೇ ನಿಮ್ಮ ಜಾಗ.

ವರ್ಷದ ಲೆಕ್ಕ

ಜೂನ್: ಮಿರಗದ ಮಳೆ ಬಿದ್ದ ಮರುದಿನ ಮಖಮಲ್ಲಿನಂಥ ಕೆಂಪು ಹುಳು ನೆಲದ ಮೇಲೆ ಹರಿದಾಡುತ್ತದೆ. ನೀರು ನಿಂತ ತಗ್ಗಿನಲ್ಲಿ ದೊಡ್ಡ ಗಂಡುಗಪ್ಪೆಗಳು ಹಳದಿಯಾಗಿ ಒದರುತ್ತವೆ. ಜುಟ್ಟಿನ ಚಾತಕ ಬರುತ್ತದೆ.

ಜುಲೈನಿಂದ ಸೆಪ್ಟೆಂಬರ್: ನಾಲೆಗೆ ನೀರು, ನಾಟಿ. ಗದ್ದೆಯ ಹಕ್ಕಿಗಳು, ಗೀಜಗನ ಗೂಡು, ಚಿಟ್ಟೆ, ಏರೋಪ್ಲೇನ್ ಚಿಟ್ಟೆಯ ಕಾಲ.

ಅಕ್ಟೋಬರ್, ನವೆಂಬರ್: ವಲಸೆ ಶುರು. ತಂತಿಗಳ ಮೇಲೆ ಅಂಬರಗುಬ್ಬಿಗಳ ಸಾಲು, ಬದುವಿನ ಮೇಲೆ ಬಾಲ ಕುಣಿಸುವ ಕುಂಡೆಕುಸ್ಕ, ಎರೆಯಲ್ಲಿ ಸೆಳೆವ.

ಡಿಸೆಂಬರ್‌ನಿಂದ ಫೆಬ್ರುವರಿ: ಕಬ್ಬಕ್ಕಿ ಹಿಂಡುಗಳು. ಕೆರೆ, ಜಲಾಶಯಗಳಲ್ಲಿ ಬಾತುಗಳು. ಅದೃಷ್ಟವಿದ್ದರೆ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತು.

ಮಾರ್ಚ್‌ನಿಂದ ಮೇ: ನೀಲಕಂಠದ ಲಾಗ ಹಾಕುವ ಹಾರಾಟ, ಕಲ್ಲೋತಿ, ಬರಿನೆಲದ ಮೇಲೆ ಟಿಟ್ಟಿಭದ ಮೊಟ್ಟೆ. ಸುಡುಬಿಸಿಲಲ್ಲಿ ಟಿಟ್ಟಿಭ ಹೊಟ್ಟೆಯ ಗರಿಯನ್ನು ನೀರಲ್ಲಿ ತೋಯಿಸಿ ತಂದು ಮೊಟ್ಟೆಯನ್ನು ತಂಪಿಡುತ್ತದೆ. ತಲೆಯ ಮೇಲೆ ಹಾರುತ್ತ ಚೀರಿದರೆ ಗೂಡು ಹತ್ತಿರದಲ್ಲಿದೆ ಎಂದರ್ಥ. ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ.

ಈ ಪಂಚಾಂಗ ಪ್ರತಿವರ್ಷ ಒಂದೇ ಆಗಿರುವುದಿಲ್ಲ. ಇಲ್ಲಿಯ ಹಕ್ಕಿಗಳು ಮಳೆಯಷ್ಟೇ ಅಣೆಕಟ್ಟನ್ನೂ ನಂಬಿವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ರೈತರು ಬೆಳೆಯ ಚಿಂತೆಯಲ್ಲಿದ್ದರು. ನೀರು ಬಿಟ್ಟ ವರ್ಷ ಒಂದು ಗದ್ದೆಗೆ ಎಷ್ಟು ಕೊಕ್ಕರೆ ಬಂದವು, ಬಿಡದ ವರ್ಷ ಎಷ್ಟು ಎಂದು ತೇದಿ ಸಮೇತ ಹೇಳಬಲ್ಲವರು ಮಾತ್ರ ವಿರಳ. ಆ ಲೆಕ್ಕವನ್ನು ಒಬ್ಬ ಹೈಸ್ಕೂಲ್ ವಿದ್ಯಾರ್ಥಿ ಇಡಬಹುದು. ದೊಡ್ಡ ಕಾಡುಗಳಲ್ಲಿ ಎಣಿಸುವವರು ಬಹಳ ಮಂದಿ. ಇಲ್ಲಿ ನೀವೇ ಮೊದಲಿಗರಾದರೂ ಆಶ್ಚರ್ಯವಿಲ್ಲ.

ಕೈಯಲ್ಲಿ ಏನಿರಬೇಕು

ಮೊದಲು ಕಿಸೆಯಲ್ಲಿ ಹಿಡಿಯುವ ನೋಟ್‌ಬುಕ್ಕು, ಪೆನ್ಸಿಲ್ಲು. ಆರು ತಿಂಗಳು ಆಸಕ್ತಿ ಉಳಿದರೆ ದುರ್ಬೀನು. 8×40 ಅಥವಾ 8×42 ಎಂದು ಬರೆದಿರುವುದನ್ನು ಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ. 20×, 30× ಎಂದು ಜಾತ್ರೆಯಲ್ಲಿ ಮಾರುವವು ಕೈ ನಡುಗಿದರೆ ಏನನ್ನೂ ತೋರಿಸುವುದಿಲ್ಲ. ಕ್ಯಾಮೆರಾ ಆಮೇಲಿನ ಮಾತು. ಮೊದಲೇ ಕ್ಯಾಮೆರಾ ಹಿಡಿದವರು ಹಕ್ಕಿಗಿಂತ ಪರದೆಯನ್ನೇ ಹೆಚ್ಚು ನೋಡುತ್ತಾರೆ.

ಪುಸ್ತಕಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಮಿಂಚುಳ್ಳಿ’ ಶಾಲಾ ಗ್ರಂಥಾಲಯದಲ್ಲಿ ಇರಲೇಬೇಕಾದದ್ದು. ಮೊಬೈಲ್‌ನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್ ಉಚಿತ. ಕೂಗು ಕೇಳಿಸಿಕೊಂಡು ಹಕ್ಕಿಯ ಹೆಸರು ಸೂಚಿಸುತ್ತದೆ. ಅದು ಹೇಳಿದ್ದೆಲ್ಲ ಸರಿಯಲ್ಲ, ಕಣ್ಣಲ್ಲಿ ಕಂಡ ಮೇಲೆಯೇ ಬರೆಯಿರಿ. ಹುಳ, ಹಲ್ಲಿ, ಗಿಡಗಳಿಗೆ ಐನ್ಯಾಚುರಲಿಸ್ಟ್ ಇದೆ.

ಪುಸ್ತಕದಲ್ಲಿ ಬರೆಯುವ ಮಾದರಿ ಇಷ್ಟು: ತೇದಿ, ಸಮಯ, ಜಾಗ, ಹವೆ, ಹೊಲದ ಬೆಳೆ. ಏನು ಕಂಡಿತು, ಎಷ್ಟು, ಏನು ಮಾಡುತ್ತಿತ್ತು. ಹೆಸರು ಗೊತ್ತಾಗದಿದ್ದರೆ ಗುಬ್ಬಿ, ಗೊರವಂಕ, ಕಾಗೆ, ಹದ್ದು ಈ ನಾಲ್ಕರಲ್ಲಿ ಯಾವುದರ ಗಾತ್ರ, ಕೊಕ್ಕು ಹೇಗೆ, ಕಾಲಿನ ಬಣ್ಣ ಯಾವುದು, ಬಾಲ ಉದ್ದವೋ ಗಿಡ್ಡವೋ ಎಂದು ಬರೆದು ಒಂದು ಗೀಟಿನ ಚಿತ್ರ ಹಾಕಿ. ಊರಿನ ಹಿರಿಯರು ಅದಕ್ಕೆ ಏನೆನ್ನುತ್ತಾರೆ ಕೇಳಿ ಅದನ್ನೂ ಸೇರಿಸಿ. ಕುರಿ ಕಾಯುವವರನ್ನು ಮರೆಯಬೇಡಿ. ತೋಳ, ನರಿ, ಮೊಲ ಯಾವ ದಾರಿಯಲ್ಲಿ ಹೋಗುತ್ತವೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಸುರಕ್ಷತೆ, ಶಿಸ್ತು, ಕಾನೂನು

ಒಬ್ಬರೇ ಹೋಗಬೇಡಿ, ಮನೆಯಲ್ಲಿ ಹೇಳಿ ಹೋಗಿ. ಹೊಲದವರನ್ನು ‘ಕಾಕಾ, ಬದುವಿನ ಮ್ಯಾಲೆ ನಿಂತು ಹಕ್ಕಿ ನೋಡ್ತೀವ್ರಿ’ ಎಂದು ಕೇಳಿಯೇ ಕಾಲಿಡಿ. ಔಷಧ ಹೊಡೆಯುವ ದಿನ ಆ ಹೊಲದ ಹತ್ತಿರ ಸುಳಿಯಬೇಡಿ. ಗದ್ದೆಯಲ್ಲಿ ಇಲಿ ಇದ್ದಲ್ಲಿ ನಾಗರ, ಕೊಳಕುಮಂಡಲ ಇರುತ್ತವೆ. ಪಾದ ಮುಚ್ಚುವ ಬೂಟು ಬೇಕು. ಹಾವು ಕಚ್ಚಿದರೆ ಮಂತ್ರ, ನಾಟಿ ಔಷಧ ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ತುಂಬಿದ ನಾಲೆಯ ಇಳಿಜಾರು ಸಿಮೆಂಟಿನಲ್ಲಿ ಜಾರಿದರೆ ಹತ್ತಿ ಬರುವುದು ಕಷ್ಟ. ಏರಿಯ ನಡುವೆಯೇ ನಡೆಯಿರಿ. ಗುಡುಗು ಶುರುವಾದರೆ ಬಯಲಲ್ಲಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಗುಡ್ಡದ ಬಂಡೆ ಸಂದುಗಳು ಕರಡಿ, ಚಿರತೆಗಳ ಅಡಗುತಾಣವಾಗಬಲ್ಲವು; ಬೆಳಕು ಹರಿದ ಮೇಲೆ ಹತ್ತಿ, ಹೊತ್ತು ಮುಳುಗುವ ಮುನ್ನ ಇಳಿದುಬಿಡಿ.

ಗೂಡಿನ ಹತ್ತಿರ ಹೋಗುವುದು, ಮೊಟ್ಟೆ ಮುಟ್ಟುವುದು, ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಿಳಿಯನ್ನು ಪಂಜರದಲ್ಲಿಡುವುದು, ನವಿಲನ್ನು ಹಿಡಿಯುವುದು ಶಿಕ್ಷಾರ್ಹ ಅಪರಾಧ. ಗಾಯಗೊಂಡ ಪ್ರಾಣಿ ಕಂಡರೆ, ಬೇಟೆ ಅಥವಾ ವಿಷಪ್ರಾಶನದ ಅನುಮಾನ ಬಂದರೆ ನೀವೇ ಮುಂದಾಗದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಒಂದು ದಿನದ ಪ್ರವಾಸಗಳು

ಊರಿನ ಸುತ್ತಲಿನದು ಚೆನ್ನಾಗಿ ಪರಿಚಯವಾದ ಮೇಲೆ ದೂರ ಹೋಗಿ. ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ 2024ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಮಾನ್ಯತೆ ಸಿಕ್ಕಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಅದೇ ಹೊತ್ತಿಗೆ. ಮಾಗಡಿಯಲ್ಲಿ ಚಳಿಗಾಲದ ಹೆಬ್ಬಾತುಗಳನ್ನು ನೋಡಬೇಕು. ದರೋಜಿಯ ಕರಡಿಧಾಮ 1994ರದು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ವನ್ಯಧಾಮವಿದೆ. ಶಾಲೆಗಳು ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಯೋಜನೆಯ ಬಗ್ಗೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಲಿ.

ಇದರಿಂದ ಏನು ಬಂತು?

1908ರ ಸುಮಾರಿಗೆ ಮುಂಬಯಿಯ ಹುಡುಗನೊಬ್ಬ ಆಟದ ಬಂದೂಕಿನಿಂದ ಒಂದು ಗುಬ್ಬಿ ಹೊಡೆದ. ಅದರ ಗಂಟಲು ಹಳದಿ ಯಾಕೆ ಎಂಬ ಪ್ರಶ್ನೆ ಹಿಡಿದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ. ಅಲ್ಲಿದ್ದ ಮಿಲ್ಲಾರ್ಡ್ ಎಂಬುವರು ಬೈದು ಕಳಿಸದೆ, ಕಪಾಟು ತೆರೆದು ಹಕ್ಕಿಗಳ ಸಂಗ್ರಹ ತೋರಿಸಿದರು. ಆ ಹುಡುಗ ಸಲೀಂ ಅಲಿ. ಮುಂದೆ 1931–32ರಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದಾಗ ರಾಯಚೂರು ಸೀಮೆಯೂ ಅದೇ ಸಂಸ್ಥಾನದಲ್ಲಿತ್ತು. ಪುತ್ತೂರಿನ ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿಯೂ ನಾಗರಹೊಳೆಯ ಹುಲಿಗಳ ಅಧ್ಯಯನಕ್ಕೆ ಬದುಕು ಕೊಟ್ಟರು. ಸಂಡೂರಿನ ಎಂ.ವೈ. ಘೋರ್ಪಡೆಯವರು ಸಚಿವರಾಗಿದ್ದೂ ವನ್ಯಜೀವಿ ಛಾಯಾಗ್ರಾಹಕರಾಗಿ ಹೆಸರು ಮಾಡಿದರು. ಕಸುಬಾಗಿಯೂ ಆಗಬಹುದು, ಕಸುಬಿನ ಜೊತೆಗೂ ನಡೆಯಬಹುದು.

ಓದಿನ ದಾರಿ ಬೇಕೆನ್ನುವವರಿಗೆ ಪಿಯುಸಿ ವಿಜ್ಞಾನದ ನಂತರ ಶಿರಸಿ, ಪೊನ್ನಂಪೇಟೆಗಳ ಅರಣ್ಯ ಮಹಾವಿದ್ಯಾಲಯಗಳಿವೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರವಿದೆ. ಪದವಿಯ ನಂತರ ಕುವೆಂಪು ವಿಶ್ವವಿದ್ಯಾಲಯ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಗಳಲ್ಲಿ ವನ್ಯಜೀವಿ ವಿಷಯದ ಸ್ನಾತಕೋತ್ತರ ಪದವಿ ಪಡೆಯಬಹುದು. ಈ ಯಾವುದಕ್ಕೂ ಹೋಗದಿದ್ದರೂ ಇಲಿಗೆ ವಿಷ ಇಡುವ ಮುನ್ನ ಹೊಲದ ಗೂಗೆಯನ್ನು ನೆನೆಯುವ ರೈತನೊಬ್ಬ ಊರಿಗೆ ಸಿಕ್ಕರೆ ಅದೇನು ಸಣ್ಣ ಲಾಭವಲ್ಲ.

ತಂದೆತಾಯಿಗಳಲ್ಲಿ, ಶಿಕ್ಷಕರಲ್ಲಿ ಒಂದೇ ಕೋರಿಕೆ. ಪ್ರತಿವರ್ಷ ಫೆಬ್ರುವರಿ ನಡುವಿನಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಎಣಿಸಿ ಇ-ಬರ್ಡ್ ತಾಣಕ್ಕೆ ಸೇರಿಸಿದರೆ ಸಾಕು, ಶುಲ್ಕವಿಲ್ಲ. ಮುಂದಿನ ಫೆಬ್ರುವರಿಯಲ್ಲಿ ನಿಮ್ಮ ಶಾಲೆಯ ಆವರಣದ, ನಿಮ್ಮೂರ ಕಾಲುವೆಯ ಪಟ್ಟಿ ಅದರಲ್ಲಿ ಇರುವಂತೆ ನೋಡಿಕೊಳ್ಳಿ. ಮಕ್ಕಳಿಗೆ ನೋಟ್‌ಬುಕ್ಕನ್ನು ಮಾತ್ರ ಇವತ್ತೇ ಕೊಡಿಸಿ.